ರೂಪಾಯಿಯ ಅಪಮೌಲ್ಯ ಮತ್ತು ಕಾಫಿ ಬೆಳೆಗಾರನ ಲೆಕ್ಕ

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಸಣ್ಣ ಕಾಫಿ ಬೆಳೆಗಾರ. ಸ್ವಾತಂತ್ರ್ಯ ಬಂದಾಗ ಒಂದು ರೂಪಾಯಿಗೆ ಒಂದು ಡಾಲರ್ ಸಿಗುತ್ತಿತ್ತು ಎಂದು ಹಲವರು ಹೇಳುವುದನ್ನು ಕೇಳಿದ್ದೇನೆ. ಅದು ನಿಜವೆ? ನಿಜವಾದರೆ ಇಷ್ಟು ಕೆಳಗೆ ಹೇಗೆ ಬಂದೆವು? 1966ರಲ್ಲಿ ರೂಪಾಯಿಯ ಅಪಮೌಲ್ಯವಾದಾಗ ಕಾಫಿಗೆ ಒಳ್ಳೆಯ ಕಾಲ ಬಂತೆಂದು ಎಲ್ಲರೂ ಅಂದುಕೊಂಡರೂ ಕೈಗೆ ಏನೂ ಹತ್ತಲಿಲ್ಲ ಎಂದು ನಮ್ಮ ಅಜ್ಜ ಹೇಳುತ್ತಿದ್ದರು, ಅದಕ್ಕೆ ಕಾರಣವೇನು? ಈಗ ರೂಪಾಯಿ ಇಳಿಯುವ ಸುದ್ದಿ ಬಂದಾಗ ಕಾಫಿಯನ್ನು ಮಾರದೆ ಗೋದಾಮಿನಲ್ಲಿ ಇಟ್ಟುಕೊಳ್ಳುವುದು ಲಾಭವೆ?

ಉತ್ತರ: ಮೊದಲ ಪ್ರಶ್ನೆಗೆ ನೇರವಾದ ಉತ್ತರವಿದೆ. ನಿಜವಲ್ಲ. 1947ರ ಆಗಸ್ಟ್‌ನಲ್ಲಿ ರೂಪಾಯಿಗೆ ಡಾಲರಿನೊಡನೆ ನೇರ ವ್ಯವಹಾರದ ಸಂಬಂಧವೇ ಹೆಚ್ಚಾಗಿರಲಿಲ್ಲ. ಅದು ಬ್ರಿಟನ್ನಿನ ಪೌಂಡಿಗೆ ಕಟ್ಟಿದ ನಾಣ್ಯವಾಗಿತ್ತು. ಒಂದು ಪೌಂಡಿಗೆ 13 ರೂಪಾಯಿ 33 ಪೈಸೆ, ಅಂದಿನ ಲೆಕ್ಕದಲ್ಲಿ 13 ರೂಪಾಯಿ 5 ಆಣೆ 4 ಪೈ. ಒಂದು ಪೌಂಡಿಗೆ 4.03 ಡಾಲರ್. ಭಾಗಿಸಿ ನೋಡಿದರೆ ಒಂದು ಡಾಲರಿಗೆ ಸುಮಾರು 3 ರೂಪಾಯಿ 30 ಪೈಸೆ ಬರುತ್ತದೆ. ಸ್ವಾತಂತ್ರ್ಯ ಬಂದಾಗ ದೇಶಕ್ಕೆ ವಿದೇಶಿ ಸಾಲವಿರಲಿಲ್ಲ, ಆದ್ದರಿಂದ ರೂಪಾಯಿ ಮತ್ತು ಡಾಲರ್ ಸಮವಾಗಿದ್ದವು ಎಂಬ ವಾದವನ್ನೂ ಕೆಲವರು ಮುಂದಿಡುತ್ತಾರೆ. ಸಾಲವಿಲ್ಲದಿರುವುದಕ್ಕೂ ಎರಡು ನಾಣ್ಯಗಳು ಸರಿಸಮವಾಗುವುದಕ್ಕೂ ಯಾವ ಸಂಬಂಧವೂ ಇಲ್ಲ. ಯುದ್ಧಕಾಲದ ಖರೀದಿಗಳಿಗಾಗಿ ಬ್ರಿಟನ್ನೇ ಭಾರತಕ್ಕೆ ದೊಡ್ಡ ಮೊತ್ತವನ್ನು ಕೊಡಬೇಕಾಗಿತ್ತು ಎಂಬುದು ಬೇರೆಯ, ಆದರೆ ಸತ್ಯವಾದ ಸಂಗತಿ.

ನಿಮ್ಮ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಉತ್ತರ ಕೊಡುವ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ, ಏಕೆಂದರೆ ರೂಪಾಯಿಯ ಇಳಿತ ಸ್ವಾತಂತ್ರ್ಯದ ನಂತರ ಶುರುವಾದದ್ದಲ್ಲ, ಮತ್ತು ಅದರ ಮೊದಲ ದೊಡ್ಡ ಅಧ್ಯಾಯದಲ್ಲಿ ನಮ್ಮ ಕಾಫಿ ಸೀಮೆಯ ಬೆಳೆಗಾರರೂ ಪಾತ್ರಧಾರಿಗಳೇ.

ಈ ಸೀಮೆಗೆ ರೂಪಾಯಿ ತಡವಾಗಿ ಬಂದ ನಾಣ್ಯ. ಹೊಯ್ಸಳರ ಶಾಸನಗಳಲ್ಲಿ ದಾನ, ತೆರಿಗೆಗಳ ಲೆಕ್ಕವೆಲ್ಲ ಗದ್ಯಾಣ, ಹಣ, ಹಾಗ ಎಂಬ ನಾಣ್ಯಗಳಲ್ಲಿದೆ. ವಿಷ್ಣುವರ್ಧನನ ಚಿನ್ನದ ನಾಣ್ಯಗಳ ಮೇಲೆ ‘ಶ್ರೀ ತಳಕಾಡುಗೊಂಡ’, ‘ಶ್ರೀ ನೊಣಂಬವಾಡಿಗೊಂಡ’ ಎಂಬ ಕನ್ನಡ ಬರಹವಿದೆ. ದಕ್ಷಿಣದ್ದು ಚಿನ್ನದ ಲೆಕ್ಕ. ಬೆಳ್ಳಿಯ ರೂಪಾಯಿಯನ್ನು ಹದಿನಾರನೆಯ ಶತಮಾನದಲ್ಲಿ ಶೇರ್ ಷಾ ಸೂರಿ ಉತ್ತರದಲ್ಲಿ ಕ್ರಮಬದ್ಧವಾಗಿ ಟಂಕಿಸಿದ. ಈಸ್ಟ್ ಇಂಡಿಯಾ ಕಂಪನಿ 1818ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ಚಿನ್ನದ ಪಗೋಡವನ್ನು ಬದಿಗಿರಿಸಿ, ಒಂದು ಸ್ಟಾರ್ ಪಗೋಡಕ್ಕೆ ಮೂರೂವರೆ ರೂಪಾಯಿಯಂತೆ ಬೆಳ್ಳಿಯ ಲೆಕ್ಕವನ್ನು ತಂದಿತು. 1835ರಲ್ಲಿ ಒಂದು ತೊಲ, ಅಂದರೆ 180 ಗ್ರೇನ್ ತೂಕದ ರೂಪಾಯಿಯನ್ನು ಕಂಪನಿಯ ಆಡಳಿತದ ಎಲ್ಲ ಕಡೆಗೂ ಒಂದೇ ಮಾಡಿತು. ಟಿಪ್ಪುವಿನ ನಂತರ 1799ರಲ್ಲಿ ಮೈಸೂರಿನ ಮೇಲೆ ಹೊರಿಸಿದ ಏಳು ಲಕ್ಷ ಸ್ಟಾರ್ ಪಗೋಡಗಳ ವಾರ್ಷಿಕ ಕಪ್ಪಕಾಣಿಕೆ ಮುಂದೆ ಲೆಕ್ಕಪತ್ರಗಳಲ್ಲಿ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಎಂದೇ ಕಾಣಿಸಿಕೊಂಡದ್ದು ಈ ಮೂರೂವರೆಯ ಗುಣಾಕಾರದಿಂದ.

ಬೆಳ್ಳಿಯ ರೂಪಾಯಿಯಲ್ಲಿ ಒಂದು ತೊಡಕಿತ್ತು. ಬ್ರಿಟನ್ನಿನ ಪೌಂಡ್ ಚಿನ್ನಕ್ಕೆ ಕಟ್ಟಿದ್ದು, ನಮ್ಮ ರೂಪಾಯಿ ಬೆಳ್ಳಿಯದು. ಚಿನ್ನಕ್ಕೂ ಬೆಳ್ಳಿಗೂ ಇರುವ ಬೆಲೆಯ ಅನುಪಾತ ಸ್ಥಿರವಾಗಿರುವವರೆಗೆ ತೊಂದರೆಯಿರಲಿಲ್ಲ. 1870ರ ದಶಕದ ಮೊದಲ ವರ್ಷಗಳಲ್ಲಿ ಜರ್ಮನಿ ಚಿನ್ನದ ಪ್ರಮಾಣಕ್ಕೆ ಬದಲಾಯಿಸಿಕೊಂಡು ತನ್ನ ಬೆಳ್ಳಿಯನ್ನು ಮಾರುಕಟ್ಟೆಗೆ ಬಿಟ್ಟಿತು. ಅಮೆರಿಕವೂ 1873ರಲ್ಲಿ ಬೆಳ್ಳಿಯ ಮುಕ್ತ ಟಂಕಣವನ್ನು, ಅಂದರೆ ಯಾರು ಬೆಳ್ಳಿ ತಂದರೂ ನಾಣ್ಯ ಮಾಡಿಕೊಡುವ ಪದ್ಧತಿಯನ್ನು ಕೈಬಿಟ್ಟಿತು. ಅದೇ ಹೊತ್ತಿಗೆ ಅಮೆರಿಕದ ಹೊಸ ಗಣಿಗಳಿಂದ ಬೆಳ್ಳಿ ಹರಿದುಬಂತು. ಸುಮಾರು ಎರಡು ಷಿಲಿಂಗ್ (ಪೌಂಡಿಗೆ 20 ಷಿಲಿಂಗ್, ಷಿಲಿಂಗಿಗೆ 12 ಪೆನ್ಸ್) ಬೆಲೆಯಿದ್ದ ರೂಪಾಯಿ 1892ರ ಹೊತ್ತಿಗೆ ಒಂದು ಷಿಲಿಂಗ್ ಮೂರು ಪೆನ್ಸ್ ಆಸುಪಾಸಿಗೆ, ಎರಡು ವರ್ಷಗಳ ನಂತರ ಒಂದು ಷಿಲಿಂಗ್ ಒಂದು ಪೆನ್ನಿಗೆ ಇಳಿಯಿತು. ಸರ್ಕಾರ ಯಾವ ಆದೇಶವನ್ನೂ ಹೊರಡಿಸದೆ ಆದ ಇಳಿತವಿದು.

ಇದನ್ನು ಒಬ್ಬ ಬೆಳೆಗಾರನ ಕಡೆಯಿಂದ ನೋಡಿ. ಆತನ ಕಾಫಿ ಲಂಡನ್ನಿನಲ್ಲಿ ಪೌಂಡುಗಳಿಗೆ ಮಾರಾಟವಾಗುತ್ತದೆ, ತೋಟದ ಕೂಲಿಯನ್ನು ಆತ ರೂಪಾಯಿಯಲ್ಲಿ ಕೊಡುತ್ತಾನೆ. ಮೊದಲು ಒಂದು ಪೌಂಡಿನ ಮಾರಾಟಕ್ಕೆ 10 ರೂಪಾಯಿ ಬರುತ್ತಿದ್ದದ್ದು 1892ರಲ್ಲಿ 16 ರೂಪಾಯಿಯಾಯಿತು. ಕೂಲಿ ಅಷ್ಟು ಏರಲಿಲ್ಲ. ಆದ್ದರಿಂದ ರೂಪಾಯಿಯ ಇಳಿತ ತೋಟದ ಮಾಲೀಕರಿಗೆ ಹಿತವಾಗಿಯೇ ಇತ್ತು. ಅದರ ವಿರುದ್ಧ ದಿಕ್ಕಿನಲ್ಲಿದ್ದದ್ದು ಭಾರತ ಸರ್ಕಾರ. ಲಂಡನ್ನಿನಲ್ಲಿ ಬಡ್ಡಿ, ಪಿಂಚಣಿ, ಇಂಡಿಯಾ ಆಫೀಸಿನ ಖರ್ಚು ಎಂದು ಪ್ರತಿ ವರ್ಷ ಪೌಂಡುಗಳಲ್ಲಿ ಕಟ್ಟಬೇಕಾಗಿದ್ದ ಮೊತ್ತಕ್ಕೆ ಅದು ಹೆಚ್ಚು ಹೆಚ್ಚು ರೂಪಾಯಿಗಳನ್ನು ಜನರಿಂದ ತೆರಿಗೆಯಾಗಿ ಎತ್ತಬೇಕಾಯಿತು. ಹರ್ಷೆಲ್ ಸಮಿತಿಯ ಸಲಹೆಯಂತೆ 1893ರಲ್ಲಿ ಸರ್ಕಾರ ಟಂಕಸಾಲೆಗಳನ್ನು ಬೆಳ್ಳಿಯ ಮುಕ್ತ ಟಂಕಣಕ್ಕೆ ಮುಚ್ಚಿತು. ರೂಪಾಯಿಯನ್ನು ಕೃತಕವಾಗಿ ವಿರಳ ಮಾಡಿ ಮೇಲೆತ್ತಿ, ಆ ದಶಕದ ಕೊನೆಗೆ ಒಂದು ಷಿಲಿಂಗ್ ನಾಲ್ಕು ಪೆನ್ಸ್‌ಗೆ, ಅಂದರೆ ಪೌಂಡಿಗೆ 15 ರೂಪಾಯಿಗೆ ನಿಲ್ಲಿಸಿತು. ಈ ವಿಷಯ ಮಂಜರಾಬಾದಿನ, ಅಂದರೆ ಸಕಲೇಶಪುರ ಸೀಮೆಯ ತೋಟಗಳವರೆಗೂ ಬಿಸಿ ಮುಟ್ಟಿಸಿತ್ತು ಎಂಬುದಕ್ಕೆ ಒಂದು ಸಾಕ್ಷಿಯಿದೆ: ಅಲ್ಲಿ ಕಾಫಿ ಬೆಳೆಯುತ್ತಿದ್ದ ರಾಬರ್ಟ್ ಎಚ್. ಎಲಿಯಟ್ ಎಂಬ ಬ್ರಿಟಿಷ್ ಪ್ಲಾಂಟರ್ 1894ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಕಾಫಿ ಕೃಷಿ, ಚಿನ್ನದ ಗಣಿ, ಬೇಟೆಗಳ ನಡುವೆ ಭಾರತದ ಬೆಳ್ಳಿಯ ಪ್ರಶ್ನೆಗೂ ಜಾಗ ಕೊಟ್ಟಿದ್ದಾನೆ. ಸಕಲೇಶಪುರದ ಕಾಡಿನಲ್ಲಿ ಕುಳಿತವನಿಗೆ ಲಂಡನ್ನಿನ ವಿನಿಮಯ ದರದ ಚಿಂತೆ ಏಕೆ ಎಂದು ಕೇಳುವವರಿಗೆ ಮೇಲಿನ 10 ಮತ್ತು 16ರ ಲೆಕ್ಕವೇ ಉತ್ತರ.

ಈ ಲಾಭ ಯಾರ ಜೇಬಿನಿಂದ ಬಂತು ಎಂಬುದನ್ನು ಅತ್ಯಂತ ಸ್ಪಷ್ಟವಾಗಿ ಕೇಳಿದವರು ಡಾ. ಬಿ.ಆರ್. ಅಂಬೇಡ್ಕರ್. 1923ರಲ್ಲಿ ಪ್ರಕಟವಾದ, ರೂಪಾಯಿಯ ಸಮಸ್ಯೆಯನ್ನು ಕುರಿತ ಅವರ ಪ್ರಬಂಧದ ವಾದ ಸ್ಥೂಲವಾಗಿ ಹೀಗಿದೆ: ನಾಣ್ಯ ಇಳಿದಾಗ ಸರಕಿನ ಬೆಲೆ ಏರುವಷ್ಟು ಬೇಗ ಕೂಲಿ ಏರುವುದಿಲ್ಲ, ಆದ್ದರಿಂದ ರಫ್ತುದಾರನಿಗೆ ಸಿಕ್ಕಿತೆಂದು ಹೇಳುವ ಬಹುಮಾನ ದೇಶಕ್ಕೆ ಬಂದ ಲಾಭವಲ್ಲ, ಕೂಲಿಯವನಿಂದ ಧಣಿಗೆ ದಾಟಿದ ಹಣ. ಅಪಮೌಲ್ಯದ ಬಗ್ಗೆ ನಾನು ಓದಿದವುಗಳಲ್ಲಿ ಇಷ್ಟು ಉಪಯುಕ್ತವಾದ ಮಾತು ಕಡಿಮೆ. ನಿಮ್ಮ ತೋಟದ ಲೆಕ್ಕದ ಪುಸ್ತಕದಲ್ಲಿ ಕೂಲಿಯ ಬಾಬ್ತು ಎಷ್ಟಿದೆಯೆಂದು ನೋಡಿದರೆ ಇದರ ತೂಕ ಇಂದಿಗೂ ತಿಳಿಯುತ್ತದೆ.

ಮುಂದಿನ ಕಥೆಯಲ್ಲಿ ರೂಪಾಯಿ ಇಳಿಯುವುದಷ್ಟೇ ಅಲ್ಲ, ಏರಿದ ಕಾಲವೂ ಇದೆ, ಮತ್ತು ಅದು ಬೆಳೆಗಾರರಿಗೆ ಕೆಟ್ಟ ಕಾಲ. ಮೊದಲ ಮಹಾಯುದ್ಧದಲ್ಲಿ ಬೆಳ್ಳಿ ತುಟ್ಟಿಯಾಗಿ 1919ರ ಕೊನೆಗೆ ರೂಪಾಯಿ ಎರಡು ಷಿಲಿಂಗ್ ನಾಲ್ಕು ಪೆನ್ಸ್‌ವರೆಗೂ ಹೋಗಿ, ಸರ್ಕಾರ ಅದನ್ನು ಎರಡು ಷಿಲಿಂಗಿನಲ್ಲಿ ಹಿಡಿಯಲು ಹೋಗಿ ಸೋತಿತು. 1926ರಲ್ಲಿ ಹಿಲ್ಟನ್ ಯಂಗ್ ಆಯೋಗ ಒಂದು ಷಿಲಿಂಗ್ ಆರು ಪೆನ್ಸ್ ದರವನ್ನು ಶಿಫಾರಸು ಮಾಡಿತು. ಆಯೋಗದ ಸದಸ್ಯರಾಗಿದ್ದ ಪುರುಷೋತ್ತಮದಾಸ್ ಠಾಕೂರ್‌ದಾಸ್, ಹಳೆಯ ಒಂದು ಷಿಲಿಂಗ್ ನಾಲ್ಕು ಪೆನ್ಸ್ ಸಾಕು, ಎರಡು ಪೆನ್ಸ್ ಏರಿಸಿದರೆ ರೈತನಿಗೆ ಪೆಟ್ಟಾಗುತ್ತದೆ ಎಂದು ಭಿನ್ನಮತ ಬರೆದರು. ಅವರ ಮಾತು ನಡೆಯಲಿಲ್ಲ. ಪೌಂಡಿಗೆ 15 ರೂಪಾಯಿ ಪಡೆಯುತ್ತಿದ್ದವನಿಗೆ 13 ರೂಪಾಯಿ 5 ಆಣೆ ಬಂತು. ಇದಾಗಿ ನಾಲ್ಕೈದು ವರ್ಷಗಳಲ್ಲೇ ಜಗತ್ತಿನ ಆರ್ಥಿಕ ಮುಗ್ಗಟ್ಟು ಬಂದು ಕಾಫಿಯ ಬೆಲೆಯೂ ಕುಸಿಯಿತು. ಊರೂರಿನಲ್ಲಿ ರೈತರು ಮನೆಯ ಚಿನ್ನವನ್ನು ಮಾರಿ ಬಡ್ಡಿ ಕಟ್ಟಿದ, ಭಾರತದಿಂದ ಚಿನ್ನ ಹಡಗುಗಳಲ್ಲಿ ಹೊರಹೋದ ವರ್ಷಗಳವು. 1935ರ ಕಾಫಿ ಸೆಸ್ ಕಾಯಿದೆ, ಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋದ ಮೇಲೆ ಬಂದ 1942ರ ಕಾಫಿ ಕಾಯಿದೆ, ಅದರಡಿಯ ಕಾಫಿ ಬೋರ್ಡು ಮತ್ತು ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಮಾರುವ ಪೂಲ್ ಪದ್ಧತಿ, ಇವೆಲ್ಲ ಆ ಸಂಕಟದ ಸರಣಿಯಲ್ಲಿ ಹುಟ್ಟಿದವು. ಪೂಲ್ ಪದ್ಧತಿಯನ್ನು ನೆನಪಿಟ್ಟುಕೊಳ್ಳಿ; ನಿಮ್ಮ ಅಜ್ಜನ ಮಾತಿನ ಅರ್ಥ ಅಲ್ಲಿದೆ.

ಸ್ವತಂತ್ರ ಭಾರತದಲ್ಲಿ ಸರ್ಕಾರವೇ ಘೋಷಿಸಿ ಮಾಡಿದ ಅಪಮೌಲ್ಯಗಳು ಮೂರು. ನಂತರದ ಇಳಿತಗಳು ಬಹುಪಾಲು ಮಾರುಕಟ್ಟೆಯಲ್ಲಿ ದಿನದಿನವೂ ನಡೆಯುವಂಥವು. ಸುದ್ದಿಯಲ್ಲಿ ಎರಡನ್ನೂ ಒಂದೇ ಹೆಸರಿನಿಂದ ಕರೆಯುತ್ತಾರಾದರೂ ಬೆಳೆಗಾರನ ಮಟ್ಟಿಗೆ ಒಂದು ವ್ಯತ್ಯಾಸವಿದೆ: ಘೋಷಣೆಯ ಅಪಮೌಲ್ಯ ಒಂದೇ ದಿನದಲ್ಲಿ ಎಲ್ಲರ ಲೆಕ್ಕವನ್ನೂ ಬದಲಿಸುತ್ತದೆ, ಆ ದಿನ ಸರಕು ಯಾರ ಕೈಯಲ್ಲಿತ್ತೋ ಅವರಿಗೆ ಲಾಭ.

ಮೊದಲನೆಯದು 1949ರ ಸೆಪ್ಟೆಂಬರಿನದು. ಬ್ರಿಟನ್ ತನ್ನ ಪೌಂಡನ್ನು 4.03 ಡಾಲರಿನಿಂದ 2.80 ಡಾಲರಿಗೆ ಇಳಿಸಿದಾಗ ಭಾರತವೂ ಅದರ ಹಿಂದೆ ಹೋಯಿತು. ಡಾಲರ್ 3.30ರಿಂದ 4.76 ರೂಪಾಯಿಯಾಯಿತು, ಪೌಂಡಿನ ದರ ಹಾಗೆಯೇ ಉಳಿಯಿತು. ಪಾಕಿಸ್ತಾನ ಇಳಿಸಲಿಲ್ಲ. ಇದರಿಂದ ಅವರ 100 ರೂಪಾಯಿಗೆ ನಮ್ಮ 144 ರೂಪಾಯಿ ಕೊಡಬೇಕಾಗಿ ಬಂದು, ಪೂರ್ವ ಬಂಗಾಳದ ಸೆಣಬನ್ನು ನಂಬಿದ್ದ ಕಲ್ಕತ್ತೆಯ ಗಿರಣಿಗಳು ತೊಂದರೆಗೆ ಸಿಕ್ಕಿದವು. ಕಾಫಿಯ ಕಥೆಯಲ್ಲಿ 1949ಕ್ಕೆ ಹೆಚ್ಚಿನ ಮಹತ್ವವಿಲ್ಲ.

ಎರಡನೆಯದು 1966ರ ಜೂನ್ 6. ಪ್ರಧಾನಿ ಇಂದಿರಾ ಗಾಂಧಿ, ಹಣಕಾಸು ಸಚಿವ ಸಚೀಂದ್ರ ಚೌಧರಿ. ಹಿನ್ನೆಲೆಯಲ್ಲಿ 1962 ಮತ್ತು 1965ರ ಎರಡು ಯುದ್ಧಗಳು, 1965ರ ಭೀಕರ ಬರ, ಅಮೆರಿಕದ ಗೋಧಿಯ ಹಡಗುಗಳಿಗಾಗಿ ಕಾಯುತ್ತಿದ್ದ ದೇಶ, ನಿಂತುಹೋಗಿದ್ದ ವಿದೇಶಿ ನೆರವು, ಆ ನೆರವನ್ನು ಮತ್ತೆ ಕೊಡಬೇಕಾದರೆ ರೂಪಾಯಿಯನ್ನು ಇಳಿಸಿ ಆಮದಿನ ಬಿಗಿಯನ್ನು ಸಡಿಲಿಸಬೇಕೆಂದು ವಿಶ್ವ ಬ್ಯಾಂಕಿನ ಒತ್ತಾಯ. ಡಾಲರ್ 4.76ರಿಂದ 7.50ಕ್ಕೆ ಹೋಯಿತು. ಆಗ ಪತ್ರಿಕೆಗಳಲ್ಲಿ ಶೇ. 36.5 ಎಂದೂ ಶೇ. 57.5 ಎಂದೂ ಎರಡು ಸಂಖ್ಯೆಗಳು ಬಂದವು, ಎರಡೂ ಸರಿ. ಡಾಲರಿನ ಲೆಕ್ಕದಲ್ಲಿ ರೂಪಾಯಿಯ ಬೆಲೆ ಶೇ. 36.5 ಕಡಿಮೆಯಾಯಿತು, ರೂಪಾಯಿಯ ಲೆಕ್ಕದಲ್ಲಿ ಡಾಲರಿನ ಬೆಲೆ ಶೇ. 57.5 ಹೆಚ್ಚಾಯಿತು. ರಫ್ತು ಮಾಡುವವನಿಗೆ ಬೇಕಾದದ್ದು ಎರಡನೆಯ ಸಂಖ್ಯೆ. ಹಿಂದೆ 100 ರೂಪಾಯಿ ತರುತ್ತಿದ್ದ ವಿದೇಶಿ ಮಾರಾಟ, ಬೇರೇನೂ ಬದಲಾಗದಿದ್ದರೆ, 157 ರೂಪಾಯಿ ಐವತ್ತು ಪೈಸೆಯನ್ನು ತರಬೇಕಾಗಿತ್ತು.

ನಿಮ್ಮ ಅಜ್ಜ ಈ ಐವತ್ತೇಳೂವರೆಯನ್ನು ಎಲ್ಲಿ ಕಳೆದುಕೊಂಡರು? ಮೊದಲನೆಯದಾಗಿ, ಸರ್ಕಾರ ಅದೇ ಸಮಯದಲ್ಲಿ ಚಹಾ, ಸೆಣಬು, ಕಾಫಿ ಮುಂತಾದ ಸಾಂಪ್ರದಾಯಿಕ ರಫ್ತುಗಳ ಮೇಲೆ ಸುಂಕ ಹಾಕಿತು. ಇದಕ್ಕೊಂದು ತರ್ಕವಿತ್ತು. ಇಂಥ ಸರಕುಗಳ ಬೇಡಿಕೆ ಬೆಲೆ ಇಳಿದ ಮಾತ್ರಕ್ಕೆ ಏರುವುದಿಲ್ಲ. ರೂಪಾಯಿ ಇಳಿದಿದೆಯೆಂದು ನಾವು ಡಾಲರಿನ ಬೆಲೆಯನ್ನು ಇಳಿಸಿ ಮಾರಿದರೆ ಅಷ್ಟೇ ಸರಕಿಗೆ ಕಡಿಮೆ ಡಾಲರ್ ಬಂದೀತು. ಆದ್ದರಿಂದ ಅಪಮೌಲ್ಯದ ಲಾಭದ ಒಂದು ಪಾಲನ್ನು ಸರ್ಕಾರವೇ ಸುಂಕವಾಗಿ ತೆಗೆದುಕೊಂಡಿತು. ತರ್ಕ ಸರಿಯಾದದ್ದೇ, ಆದರೆ ತೋಟದಲ್ಲಿ ಕುಳಿತವನಿಗೆ ಅದು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯದಾಗಿ ಪೂಲ್. ಅಂದು ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವ ಹಾಗಿರಲಿಲ್ಲ. ಪಾರ್ಚ್‌ಮೆಂಟಾಗಲಿ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ್ದು) ಚೆರ್ರಿಯಾಗಲಿ (ಹಣ್ಣನ್ನೇ ಇಡಿಯಾಗಿ ಒಣಗಿಸಿದ್ದು) ಬೀಜ ಬಿಡಿಸಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಒಪ್ಪಿಸಬೇಕು, ಅಲ್ಲಿಂದ ಅದು ಬೋರ್ಡಿನ ಸ್ವತ್ತು. ಬೋರ್ಡು ಒಂದು ಪಾಲನ್ನು ದೇಶದೊಳಗೆ, ಇನ್ನೊಂದು ಪಾಲನ್ನು ರಫ್ತಿಗೆ ಹರಾಜು ಹಾಕಿ, ಬಂದ ಹಣವನ್ನೆಲ್ಲ ಕೂಡಿಸಿ, ಖರ್ಚು ಕಳೆದು, ಸರಕಿನ ದರ್ಜೆಗೆ ತಕ್ಕ ಪಾಯಿಂಟುಗಳ ಲೆಕ್ಕದಲ್ಲಿ ಕಂತು ಕಂತಾಗಿ ಕೊಡುತ್ತಿತ್ತು. ರಫ್ತಿನ ಹೆಚ್ಚಳ ದೇಶದೊಳಗಿನ ಮಾರಾಟದೊಡನೆ ಬೆರೆತು ತೆಳುವಾಗಿ, ತಡವಾಗಿ ಕೈಗೆ ಬರುತ್ತಿತ್ತು. ಮೂರನೆಯದಾಗಿ, 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದದಂತೆ ಪ್ರತಿ ದೇಶಕ್ಕೂ ರಫ್ತಿನ ಕೋಟಾ ಇತ್ತು. ರೂಪಾಯಿ ಅಗ್ಗವಾಯಿತೆಂದು ಆ ಮಾರುಕಟ್ಟೆಗಳಿಗೆ ಹೆಚ್ಚು ಕಾಫಿ ಕಳುಹಿಸುವ ದಾರಿ ಮುಚ್ಚಿತ್ತು. ಇವೆಲ್ಲದರ ಮೇಲೆ ಬರದಿಂದ ಅಕ್ಕಿಯ ಬೆಲೆ ಏರಿ ಮನೆಯ ಖರ್ಚೂ ತೋಟದ ಖರ್ಚೂ ಬೆಳೆದವು. ಅಜ್ಜ ಹೇಳಿದ್ದು ಅನುಭವದ ಮಾತು, ಮತ್ತು ಸರಿಯಾದ ಮಾತು.

1966ರ ತೀರ್ಮಾನವನ್ನು ಇಂದಿಗೂ ದೇಶದ್ರೋಹವೆಂಬಂತೆ ವರ್ಣಿಸುವವರಿದ್ದಾರೆ. ನನ್ನ ತಿಳಿವಳಿಕೆಯಂತೆ ಅಂದು 4.76ರ ದರವನ್ನು ಹಿಡಿದಿಡುವುದು ಸಾಧ್ಯವೇ ಇರಲಿಲ್ಲ. ದೇಶದೊಳಗಿನ ಬೆಲೆಗಳು ಆ ಹೊತ್ತಿಗೆ ತುಂಬ ಏರಿಬಿಟ್ಟಿದ್ದವು, ರಫ್ತುದಾರರಿಗೆ ಸಬ್ಸಿಡಿ, ಆಮದು ಪರವಾನಗಿ ಎಂದು ನಾನಾ ಬಗೆಯ ಹಿಂಬಾಗಿಲ ಅಪಮೌಲ್ಯ ಆಗಲೇ ನಡೆದಿತ್ತು. ತಪ್ಪಿದ್ದು ಸಮಯ. ಎರಡನೆಯ ವರ್ಷವೂ ಮಳೆ ಕೈಕೊಟ್ಟಿತು, ಭರವಸೆ ಕೊಟ್ಟ ನೆರವು ಬರಬೇಕಾದಷ್ಟು ಬರಲಿಲ್ಲ, ಬೆಲೆಯೇರಿಕೆಯ ಹೊಣೆಯೆಲ್ಲ ಅಪಮೌಲ್ಯದ ತಲೆಗೆ ಬಂತು. ಅದರ ರಾಜಕೀಯ ಕಹಿ ಎಷ್ಟಿತ್ತೆಂದರೆ ಮುಂದಿನ ಇಪ್ಪತ್ತೈದು ವರ್ಷ ಯಾವ ಸರ್ಕಾರವೂ ಬಹಿರಂಗವಾಗಿ ಆ ಕೆಲಸಕ್ಕೆ ಕೈ ಹಾಕಲಿಲ್ಲ. 1967ರಲ್ಲಿ ಬ್ರಿಟನ್ ಪೌಂಡನ್ನು ಮತ್ತೆ ಇಳಿಸಿದಾಗಲೂ ಭಾರತ ಜೊತೆಗೆ ಹೋಗಲಿಲ್ಲ; ಪೌಂಡ್ 21 ರೂಪಾಯಿಯಿಂದ 18ಕ್ಕೆ ಬಂತು. ಕೆಲವು ಕೊಲ್ಲಿ ನಾಡುಗಳಲ್ಲಿ 1966ರವರೆಗೆ ಭಾರತದ ರೂಪಾಯಿಯೇ ಚಲಾವಣೆಯಲ್ಲಿತ್ತು, 1959ರಿಂದ ರಿಸರ್ವ್ ಬ್ಯಾಂಕು ಅವುಗಳಿಗಾಗಿ ಪ್ರತ್ಯೇಕ ನೋಟುಗಳನ್ನು ಅಚ್ಚು ಹಾಕುತ್ತಿತ್ತು. 1966ರ ಪೆಟ್ಟಿನ ನಂತರ ಕತಾರ್, ದುಬೈಗಳು ಅದನ್ನು ಬಿಟ್ಟು ತಮ್ಮದೇ ನಾಣ್ಯಕ್ಕೆ ಹೋದವು.

ಮೂರನೆಯ ಅಪಮೌಲ್ಯ 1991ರದು. ಕುವೈತ್ ಯುದ್ಧದಿಂದ ತೈಲ ದುಬಾರಿಯಾಗಿ, ಅನಿವಾಸಿಗಳು ಠೇವಣಿ ಹಿಂತೆಗೆದುಕೊಂಡು, ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಕಾಗುವಷ್ಟು ಉಳಿದಿತ್ತು. ಮೇ ತಿಂಗಳಲ್ಲಿ 20 ಟನ್ ಚಿನ್ನ ಮಾರಾಟವಾಯಿತು, ಜುಲೈನಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಲಂಡನ್ನಿಗೆ ಕಳುಹಿಸಿ ಸಾಲ ಪಡೆಯಿತು. ನರಸಿಂಹ ರಾವ್ ಪ್ರಧಾನಿ, ಮನಮೋಹನ್ ಸಿಂಗ್ ಹಣಕಾಸು ಸಚಿವರು. ಜುಲೈ 1 ಮತ್ತು 3ರಂದು ಎರಡು ಹೆಜ್ಜೆಗಳಲ್ಲಿ ಡಾಲರನ್ನು ಸುಮಾರು 21 ರೂಪಾಯಿಯಿಂದ ಸುಮಾರು 26ಕ್ಕೆ ತಂದರು. ಮೊದಲ ಹೆಜ್ಜೆಯ ನಂತರ ಪ್ರಧಾನಿಗೆ ಅಳುಕು ಬಂದು ಎರಡನೆಯದನ್ನು ತಡೆಯಲು ಹೇಳಿದಾಗ, ರಿಸರ್ವ್ ಬ್ಯಾಂಕಿನ ಉಪ ಗವರ್ನರ್ ಸಿ. ರಂಗರಾಜನ್ ಕೆಲಸ ಮುಗಿಸಿಬಿಟ್ಟಿದ್ದರೆಂಬುದು ಈಗ ಎಲ್ಲರಿಗೂ ತಿಳಿದ ಕಥೆ. 1993ರ ಮಾರ್ಚ್‌ನಿಂದ ದರ ಮಾರುಕಟ್ಟೆಗೆ ಬಿಟ್ಟದ್ದು. ಆಗ ಡಾಲರಿಗೆ 31 ರೂಪಾಯಿ ಚಿಲ್ಲರೆ. 2013ರಲ್ಲಿ ಅಮೆರಿಕ ತನ್ನ ಹಣದ ಹರಿವನ್ನು ಬಿಗಿಗೊಳಿಸುವ ಸೂಚನೆ ಕೊಟ್ಟಾಗ 68 ದಾಟಿತು, 2022ರಲ್ಲಿ 80 ದಾಟಿತು. ದೀರ್ಘಾವಧಿಯಲ್ಲಿ ಈ ಇಳಿತದ ಮುಖ್ಯ ಕಾರಣ ಸರಳ: ದಶಕಗಳ ಕಾಲ ನಮ್ಮಲ್ಲಿ ಬೆಲೆಗಳು ಅಮೆರಿಕಕ್ಕಿಂತ ವೇಗವಾಗಿ ಏರಿವೆ, ಮತ್ತು ಬಹುತೇಕ ಎಲ್ಲ ವರ್ಷಗಳಲ್ಲೂ ನಾವು ಮಾರಿದ್ದಕ್ಕಿಂತ ಹೆಚ್ಚು ಸರಕನ್ನು ಹೊರಗಿನಿಂದ ಕೊಂಡಿದ್ದೇವೆ, ಅದರಲ್ಲಿ ಕಚ್ಚಾ ತೈಲದ್ದೇ ದೊಡ್ಡ ಪಾಲು.

ಕಾಫಿಗೆ 1966ರಲ್ಲಿ ಸಿಗದದ್ದು 1990ರ ದಶಕದಲ್ಲಿ ಸಿಕ್ಕಿತು, ಆದರೆ ಅದು ಅಪಮೌಲ್ಯವೊಂದರಿಂದ ಅಲ್ಲ. 1989ರಲ್ಲಿ ಅಂತರರಾಷ್ಟ್ರೀಯ ಕೋಟಾಗಳು ಮುರಿದುಬಿದ್ದು ಕಾಫಿಯ ಬೆಲೆ ನೆಲ ಕಚ್ಚಿತ್ತು; ಪೂಲ್ ಪದ್ಧತಿಯನ್ನು 1992ರಿಂದ ಹಂತ ಹಂತವಾಗಿ ಸಡಿಲಿಸಿ, 1994ರಲ್ಲಿ ಸಣ್ಣ ಬೆಳೆಗಾರರನ್ನು, 1996ರಲ್ಲಿ ಎಲ್ಲರನ್ನೂ ಬಿಡುಗಡೆ ಮಾಡಿದರು; ಇದರ ನಡುವೆ 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಅಲ್ಲಿನ ಬೆಳೆ ಸುಟ್ಟುಹೋಯಿತು. ಅಗ್ಗವಾದ ರೂಪಾಯಿ, ಸ್ವಂತ ಮಾರಾಟದ ಹಕ್ಕು, ಏರಿದ ಡಾಲರ್ ಬೆಲೆ, ಈ ಮೂರೂ ಒಂದೇ ಕಾಲಕ್ಕೆ ಕೂಡಿಬಂದ ವರ್ಷಗಳವು. ಚಿಕ್ಕಮಗಳೂರು, ಸಕಲೇಶಪುರಗಳಲ್ಲಿ ಆ ಕಾಲದಲ್ಲಿ ಕಟ್ಟಿದ ಮನೆಗಳನ್ನು ಈಗಲೂ ಗುರುತಿಸಬಹುದು.

ಅದರ ಮುಂದಿನ ಐದು ವರ್ಷಗಳನ್ನು ಗಮನಿಸಿದರೆ ದಾಸ್ತಾನಿನ ಬಗೆಗಿನ ನಿಮ್ಮ ಕೊನೆಯ ಪ್ರಶ್ನೆಗೆ ಅರ್ಧ ಉತ್ತರ ಸಿಗುತ್ತದೆ. 1997ರಲ್ಲಿ ಡಾಲರ್ ಸರಾಸರಿ 36 ರೂಪಾಯಿ ಚಿಲ್ಲರೆ ಇದ್ದದ್ದು 2001ರಲ್ಲಿ 47 ರೂಪಾಯಿ ಚಿಲ್ಲರೆಯಾಯಿತು. ರೂಪಾಯಿ ಇಳಿದರೆ ಬೆಳೆಗಾರನಿಗೆ ಲಾಭವೆಂಬ ಸೂತ್ರ ನಿಜವಾಗಿದ್ದರೆ ಅವು ಸುಗ್ಗಿಯ ವರ್ಷಗಳಾಗಬೇಕಿತ್ತು. ಆದರೆ ಅಂತರರಾಷ್ಟ್ರೀಯ ಕಾಫಿ ಸಂಸ್ಥೆ ಪ್ರಕಟಿಸುವ ಸರಾಸರಿ ಬೆಲೆ 1997ರಲ್ಲಿ ಪೌಂಡು ತೂಕಕ್ಕೆ ಸುಮಾರು 134 ಸೆಂಟ್ ಇದ್ದದ್ದು 2001ರಲ್ಲಿ ಸುಮಾರು 45 ಸೆಂಟಿಗೆ ಬಂತು. ರೂಪಾಯಿಗೆ ತಿರುಗಿಸಿ ನೋಡಿದರೆ ಕಿಲೋಗೆ ಸುಮಾರು 107 ರೂಪಾಯಿಯಿಂದ ಸುಮಾರು 47 ರೂಪಾಯಿ. ರೂಪಾಯಿಯ ಇಳಿತ ಕೊಟ್ಟದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚನ್ನು ಡಾಲರಿನ ಬೆಲೆ ಕಿತ್ತುಕೊಂಡಿತ್ತು. ಆಗ ವಿಯೆಟ್ನಾಮಿನ ರೋಬಸ್ಟಾ ಜಾತಿಯ ಕಾಫಿ ಮಾರುಕಟ್ಟೆಯನ್ನು ತುಂಬುತ್ತಿತ್ತು. ಇನ್ನೊಂದು ಕಾರಣ ನಮ್ಮಲ್ಲಿ ಕಡಿಮೆ ಚರ್ಚೆಯಾಗುವಂಥದು: 1999ರ ಜನವರಿಯಲ್ಲಿ ಬ್ರೆಜಿಲ್ ತನ್ನ ನಾಣ್ಯವಾದ ರಿಯಾಲನ್ನು ಮಾರುಕಟ್ಟೆಗೆ ಬಿಟ್ಟಾಗ ಅದು ಡಾಲರಿಗೆ 1.21ರಿಂದ ಕೆಲವೇ ವಾರಗಳಲ್ಲಿ 2ರ ಆಸುಪಾಸಿಗೆ ಹೋಯಿತು. ಬ್ರೆಜಿಲಿನ ಬೆಳೆಗಾರನಿಗೆ ಡಾಲರಿನ ಬೆಲೆ ಇಳಿದರೂ ತನ್ನ ನಾಣ್ಯದಲ್ಲಿ ಮೊದಲಿನಷ್ಟೇ, ಅಥವಾ ಹೆಚ್ಚೇ ಸಿಗುತ್ತದೆ. ಆದ್ದರಿಂದ ಅವನು ಮಾರುತ್ತಲೇ ಹೋಗುತ್ತಾನೆ, ಡಾಲರ್ ಬೆಲೆ ಇನ್ನಷ್ಟು ಇಳಿಯುತ್ತದೆ. ಜಗತ್ತಿನ ಕಾಫಿಯ ಮೂರನೇ ಒಂದು ಭಾಗದಷ್ಟನ್ನು ಬೆಳೆಯುವ ದೇಶದ ನಾಣ್ಯ ಇಳಿದಾಗ ಮೂಡಿಗೆರೆಯ ಕಣದಲ್ಲಿ ಒಣಗುತ್ತಿರುವ ಕಾಫಿಯ ಬೆಲೆಯೂ ಇಳಿಯುತ್ತದೆ. ನನ್ನ ಅನಿಸಿಕೆಯಲ್ಲಿ ನಮ್ಮ ಬೆಳೆಗಾರರು ರೂಪಾಯಿಯ ದರವನ್ನು ನೋಡುವಷ್ಟೇ ಶ್ರದ್ಧೆಯಿಂದ ರಿಯಾಲಿನ ದರವನ್ನೂ ನೋಡಬೇಕು.

ಈಗ ದಾಸ್ತಾನಿನ ಪ್ರಶ್ನೆ. ಕಾಫಿಯ ಡಾಲರ್ ಬೆಲೆ ಕಿಲೋಗೆ 4 ಇದೆಯೆಂದಿಟ್ಟುಕೊಳ್ಳಿ. ಡಾಲರ್ 80ರಿಂದ 84ಕ್ಕೆ ಹೋದರೆ 320 ರೂಪಾಯಿಯ ಸರಕು 336 ಆಗುತ್ತದೆ. ಕಿಲೋಗೆ 16 ರೂಪಾಯಿ. ಇಷ್ಟು ಇಳಿತಕ್ಕೆ ರೂಪಾಯಿ ಸಾಮಾನ್ಯವಾಗಿ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ಆ ಅವಧಿಯ ಬೆಳೆಸಾಲದ ಬಡ್ಡಿ, ಗೋದಾಮಿನ ಬಾಡಿಗೆ, ಮಳೆಗಾಲದ ತೇವದಲ್ಲಿ ಸರಕಿನ ಗುಣ ಕೆಡುವ ಭಯ, ಇವನ್ನು ಕಳೆದರೆ ಉಳಿಯುವುದು ಸ್ವಲ್ಪವೇ. ಅದೇ 4 ಡಾಲರಿನ ಬೆಲೆ 3.80ಕ್ಕೆ ಇಳಿದರೆ 84ರ ದರದಲ್ಲೂ ಬರುವುದು 319 ರೂಪಾಯಿ, ಅಂದರೆ ಮೊದಲಿಗಿಂತ ಒಂದು ರೂಪಾಯಿ ಕಡಿಮೆ. ಕಾಫಿಯ ಮಾರುಕಟ್ಟೆಯಲ್ಲಿ ಶೇಕಡಾ ಐದರ ಏರಿಳಿತ ಒಂದು ವಾರದ ಮಾತು. ಮೇಲಾಗಿ ಇವೆರಡೂ ಪರಸ್ಪರ ಸಂಬಂಧವಿಲ್ಲದವಲ್ಲ: ಜಗತ್ತಿನಾದ್ಯಂತ ಡಾಲರ್ ಬಲಗೊಂಡು ರೂಪಾಯಿ ಇಳಿಯುವ ಹೊತ್ತಿನಲ್ಲಿ ರಿಯಾಲೂ ಬಹಳ ಸಲ ಜೊತೆಯಲ್ಲೇ ಇಳಿಯುತ್ತದೆ, ಆಗ ಡಾಲರಿನಲ್ಲಿ ಕಾಫಿಯ ಬೆಲೆಯ ಮೇಲೆ ಕೆಳಮುಖದ ಒತ್ತಡವಿರುತ್ತದೆ. ಇದಕ್ಕೆ ವಿರುದ್ಧವಾಗಿ 2024ರಿಂದ 2025ರ ಫೆಬ್ರವರಿಯವರೆಗೆ ಬಂದ ದೊಡ್ಡ ಏರಿಕೆಯನ್ನು ನೋಡಿ. ನ್ಯೂಯಾರ್ಕಿನಲ್ಲಿ ಅರೇಬಿಕಾ ಜಾತಿಯ ಕಾಫಿ ಎರಡರಷ್ಟಕ್ಕೂ ಮೀರಿ ಪೌಂಡು ತೂಕಕ್ಕೆ 4 ಡಾಲರ್ ದಾಟಿತು. ಅದೇ ಅವಧಿಯಲ್ಲಿ ರೂಪಾಯಿ 83ರಿಂದ 87ರವರೆಗೆ ಇಳಿದದ್ದು ಅದರ ಮುಂದೆ ಲೆಕ್ಕಕ್ಕಿಲ್ಲ. ಬ್ರೆಜಿಲ್ ಮತ್ತು ವಿಯೆಟ್ನಾಮಿನ ಬರ ಆ ಬೆಲೆಯನ್ನು ತಂದಿತು. ಹಾಗಾಗಿ ದಾಸ್ತಾನು ಇಡುವುದಾದರೆ ಅಲ್ಲಿನ ಮಳೆ ಮತ್ತು ಬೆಳೆಯ ಸುದ್ದಿಯನ್ನು ನೋಡಿ ಇಡಿ. ರೂಪಾಯಿಯ ಸುದ್ದಿಯೊಂದನ್ನೇ ನಂಬಿ ಇಡಬೇಡಿ.

ಖರ್ಚಿನ ಕಡೆಯನ್ನೂ ಮರೆಯಬಾರದು. ಪೊಟ್ಯಾಷ್ ಗೊಬ್ಬರಕ್ಕೆ ನಾವು ಬಹುತೇಕ ಪೂರ್ತಿಯಾಗಿ ಆಮದನ್ನೇ ನಂಬಿದ್ದೇವೆ, ಡಿಎಪಿಯಲ್ಲಿ ದೊಡ್ಡ ಪಾಲು ಹೊರಗಿನದು, ಸ್ಪ್ರಿಂಕ್ಲರ್ ಪಂಪಿಗೆ ಹಾಕುವ ಡೀಸೆಲ್ಲಿನ ಮೂಲವಾದ ಕಚ್ಚಾ ತೈಲದಲ್ಲಿ ಶೇ. 80ಕ್ಕೂ ಹೆಚ್ಚು ಆಮದು. ಸಬ್ಸಿಡಿ ಇರುವುದರಿಂದ ಈ ಬಿಸಿ ತಡವಾಗಿ ತಟ್ಟಬಹುದು, ಆದರೆ ತಟ್ಟುತ್ತದೆ. ಕಾಫಿಯ ನಡುವೆ ಮೆಣಸು ಹಬ್ಬಿಸಿದ್ದರೆ ಅಲ್ಲಿ ಲೆಕ್ಕ ಸ್ವಲ್ಪ ಬೇರೆ. ಮೆಣಸಿನ ಬಹುಪಾಲು ನಮ್ಮ ದೇಶದಲ್ಲೇ ಖರ್ಚಾಗುತ್ತದೆ, ಮತ್ತು ಅದರ ಬೆಲೆಗೆ ಇರುವ ಅಪಾಯ ವಿಯೆಟ್ನಾಂ, ಶ್ರೀಲಂಕಾದಿಂದ ಬರುವ ಆಮದು. ರೂಪಾಯಿ ಇಳಿದಷ್ಟೂ ಆ ಆಮದು ದುಬಾರಿಯಾಗುವುದರಿಂದ ಮೆಣಸಿಗೆ ಒಂದಿಷ್ಟು ರಕ್ಷಣೆ ಸಿಗುತ್ತದೆ. 2017ರ ಕೊನೆಯಲ್ಲಿ ಸರ್ಕಾರ ಕಿಲೋಗೆ 500 ರೂಪಾಯಿಯ ಕನಿಷ್ಠ ಆಮದು ಬೆಲೆಯನ್ನು ನಿಗದಿ ಮಾಡಿದ್ದೂ ಇದೇ ಉದ್ದೇಶದಿಂದ.

ರಫ್ತುದಾರರು ಬ್ಯಾಂಕಿನಲ್ಲಿ ಮುಂಗಡ ಒಪ್ಪಂದ ಮಾಡಿಕೊಂಡು ಮೂರು ಅಥವಾ ಆರು ತಿಂಗಳ ನಂತರದ ಡಾಲರಿನ ದರವನ್ನು ಇಂದೇ ನಿಗದಿ ಮಾಡಿಕೊಳ್ಳುತ್ತಾರೆ. ಆ ಮುಂಗಡ ದರ ಸಾಮಾನ್ಯವಾಗಿ ಇಂದಿನ ದರಕ್ಕಿಂತ ಸ್ವಲ್ಪ ಹೆಚ್ಚೇ ಇರುತ್ತದೆ, ಏಕೆಂದರೆ ಭಾರತದ ಬಡ್ಡಿ ಬಹುಕಾಲ ಅಮೆರಿಕದ ಬಡ್ಡಿಗಿಂತ ಹೆಚ್ಚಾಗಿದೆ, ಆ ವ್ಯತ್ಯಾಸ ದರದಲ್ಲಿ ಸೇರಿರುತ್ತದೆ. ಅಂದರೆ ರೂಪಾಯಿಯ ಸಾಮಾನ್ಯ, ನಿರೀಕ್ಷಿತ ಇಳಿತದ ಪಾಲು ನಿಮ್ಮಲ್ಲಿಗೆ ಖರೀದಿಗೆ ಬರುವವರು ಹೇಳುವ ಬೆಲೆಯೊಳಗೆ ಆಗಲೇ ಇರಬೇಕು. ಇದೆಯೋ ಇಲ್ಲವೋ ಎಂದು ತಿಳಿಯಲು ಅಂದಿನ ಲಂಡನ್ನಿನ ರೋಬಸ್ಟಾ ದರ, ಅಂದಿನ ಡಾಲರ್ ದರ, ನಿಮ್ಮ ಚೆರ್ರಿಯ ಔಟ್‌ಟರ್ನ್ (ಹಸನು ಮಾಡಿದ ಮೇಲೆ ಸಿಗುವ ಬೀಜದ ಪ್ರಮಾಣ) ಈ ಮೂರನ್ನು ಹಿಡಿದು ನೀವೇ ಲೆಕ್ಕ ಹಾಕಿ, ಕ್ಯೂರಿಂಗ್ ಮತ್ತು ಸಾಗಣೆಯ ಖರ್ಚು ಕಳೆದು, ಒಬ್ಬರಿಗಿಂತ ಹೆಚ್ಚು ಖರೀದಿದಾರರ ಬೆಲೆಯೊಡನೆ ಹೋಲಿಸಿ ನೋಡಿ. ಲಂಡನ್ನಿನ ದರ ಟನ್ನಿಗೆ ಡಾಲರುಗಳಲ್ಲಿ, ನ್ಯೂಯಾರ್ಕಿನ ಅರೇಬಿಕಾ ದರ ಪೌಂಡು ತೂಕಕ್ಕೆ ಸೆಂಟುಗಳಲ್ಲಿ ಇರುತ್ತದೆ. ಒಂದು ಕಿಲೋ ಎಂದರೆ 2.2 ಪೌಂಡು.